ಜಿಲ್ಲಾ ಕಚೇರಿಯ ಸರ್ವರ್ ಹಾಗೂ ತಾಲ್ಲೂಕು ಕಚೇರಿಗಳ ಗಣಕಯಂತ್ರಗಳ ನಡುವಿನ ಸಂಪರ್ಕ ದೋಷವನ್ನು ಪತ್ತೆ ಮಾಡುವ ಕ್ರಮ

ಅಧ್ಯಯನ ಪಾಠ: ತಾಲ್ಲೂಕು ಪಂಚಾಯತ್ ಕಚೇರಿಗಳ ಗಣಕಯಂತ್ರ ನಿರ್ವಾಹಕರು, ತಾಂತ್ರಿಕ ಸಹಾಯಕರು ಹಾಗೂ ವಿಷಯ ನಿರ್ವಾಹಕರ ಗಮನಕ್ಕೆ

ಜಿಲ್ಲಾ ಕಚೇರಿಯಲ್ಲಿರುವ ಸರ್ವರ್‌ಗೆ ತಾಲ್ಲೂಕು ಕಚೇರಿಗಳಿಂದ ಸಂಪರ್ಕ ದೊರೆಯುತ್ತಿಲ್ಲವೆಂಬ ದೂರುಗಳು ಆಗಾಗ್ಗೆ ಸ್ವೀಕೃತವಾಗುತ್ತಿದ್ದು, ಅವುಗಳಲ್ಲಿ ಬಹುಪಾಲು ‘ನೆಟ್ ಇಲ್ಲ’ ಅಥವಾ ‘ಸರ್ವರ್ ಡೌನ್’ ಎಂಬ ಎರಡು ಮಾತುಗಳಲ್ಲಿಯೇ ಮುಗಿದಿರುತ್ತವೆ. ಈ ಮಾತುಗಳಿಂದ ದೋಷವು ತಾಲ್ಲೂಕಿನ ಗಣಕಯಂತ್ರದಲ್ಲಿದೆಯೋ, ನಡುವಣ ಲೈನಿನಲ್ಲಿದೆಯೋ, ರೂಟರಿನಲ್ಲಿದೆಯೋ ಅಥವಾ ಸರ್ವರಿನಲ್ಲಿಯೇ ಇದೆಯೋ ಎಂಬುದು ತಿಳಿಯುವುದಿಲ್ಲ. ಪರಿಣಾಮವಾಗಿ ದೂರು ಒಬ್ಬರಿಂದ ಇನ್ನೊಬ್ಬರಿಗೆ ವರ್ಗವಾಗುತ್ತಾ ದಿನಗಳು ಕಳೆಯುತ್ತವೆ. ಆದುದರಿಂದ, ದೋಷವಿರುವ ಸ್ಥಳವನ್ನು ಕಚೇರಿಯ ಸಿಬ್ಬಂದಿಯೇ ಗುರುತಿಸಲು ಅನುಕೂಲವಾಗುವಂತೆ ಈ ಪಾಠವನ್ನು ಸಿದ್ಧಪಡಿಸಲಾಗಿದೆ.

ಪಾಠಕ್ಕೆ ಆಧಾರವಾದ ಪ್ರಸಂಗವೊಂದನ್ನು ಮೊದಲು ತಿಳಿಸುವುದು ಸೂಕ್ತ. ಕಚೇರಿಯ ಹೆಸರು ಇಲ್ಲಿ ಅನಗತ್ಯ. ಒಂದು ತಾಲ್ಲೂಕು ಕಚೇರಿಗೆ ಒಂಬತ್ತು ಕೆಲಸದ ದಿನಗಳ ಕಾಲ ಜಿಲ್ಲಾ ಕಚೇರಿಯ ದಾಖಲೆ ಸರ್ವರ್ ದೊರೆಯಲಿಲ್ಲ. ಹಳೆಯ ಮಂಜೂರಾತಿ ಆದೇಶಗಳು, ಅಳತೆ ಪುಸ್ತಕಗಳು, ಅನುದಾನ ಬಿಡುಗಡೆ ಪತ್ರಗಳು ಇವೆಲ್ಲವುಗಳ ಸ್ಕ್ಯಾನ್ ಪ್ರತಿಗಳು ಆ ಸರ್ವರಿನಲ್ಲಿದ್ದವು. ಗಂಡನ ಹೆಸರಿನ ಮನೆ ಮಂಜೂರಾತಿ ಆದೇಶದ ದೃಢೀಕೃತ ನಕಲು ಬೇಕಾಗಿದ್ದ ವೃದ್ಧೆಯೊಬ್ಬರು ಆ ಅವಧಿಯಲ್ಲಿ ಮೂರು ಬಾರಿ ಬಸ್ಸು ಹಿಡಿದು ಬಂದು, ಮೂರು ಬಾರಿಯೂ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಉತ್ತರ ಪಡೆದು ಹಿಂದಿರುಗಿದರು. ಸಕಾಲ ಅಧಿನಿಯಮದ ವ್ಯಾಪ್ತಿಗೆ ಬರುವ ಸೇವೆಗಳಲ್ಲಿ ವಿಳಂಬವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಗಳ ಪರಿಹಾರ ವೆಚ್ಚ ನಿಗದಿಯಾಗಿರುವುದನ್ನು ಎಲ್ಲರೂ ಬಲ್ಲರು. ಬಸ್ಸಿನ ಖರ್ಚು ಮತ್ತು ಕಳೆದುಹೋದ ಕೂಲಿಯ ದಿನ ಯಾವ ಲೆಕ್ಕದಲ್ಲಿಯೂ ಸೇರುವುದಿಲ್ಲ. ಕೊನೆಗೆ ದೋಷ ಪತ್ತೆಯಾದ ದಿನ ಅದಕ್ಕೆ ಹಿಡಿದ ಸಮಯ ಸುಮಾರು ಹತ್ತು ನಿಮಿಷ. ಉಳಿದ ದಿನಗಳೆಲ್ಲ ದೋಷವಿಲ್ಲದ ಲೈನನ್ನು ಪರೀಕ್ಷಿಸುವುದರಲ್ಲಿಯೇ ಕಳೆದಿದ್ದವು.

ಜಾಲದ ನಕ್ಷೆ

ಪಾಠದ ಅನುಕೂಲಕ್ಕಾಗಿ ವಿಳಾಸಗಳನ್ನು ಬದಲಿಸಿ ಕೊಡಲಾಗಿದೆ. ಜಿಲ್ಲಾ ಕಚೇರಿಯ ಜಾಲ 10.40.1.0, ಅದರಲ್ಲಿ ಸರ್ವರಿನ ವಿಳಾಸ 10.40.1.10, ರೂಟರಿನ ವಿಳಾಸ 10.40.1.1. ತಾಲ್ಲೂಕು ಕಚೇರಿಯ ಜಾಲ 10.40.6.0, ಅಲ್ಲಿನ ಒಂದು ಗಣಕಯಂತ್ರ 10.40.6.21, ರೂಟರು 10.40.6.1. ಎರಡೂ ಜಾಲಗಳ ಸಬ್‌ನೆಟ್ ಮಾಸ್ಕ್ 255.255.255.0. ಎರಡು ರೂಟರುಗಳನ್ನು ಕೂಡಿಸುವ ಲೈನಿನ ಜಿಲ್ಲಾ ತುದಿಯಲ್ಲಿ 10.40.255.21, ತಾಲ್ಲೂಕು ತುದಿಯಲ್ಲಿ 10.40.255.22. ಓದುಗರು ಒಂದು ಹಾಳೆಯ ಮೇಲೆ ಈ ನಕ್ಷೆಯನ್ನು ಬರೆದಿಟ್ಟುಕೊಂಡು ಮುಂದೆ ಓದುವುದು ಒಳಿತು. ತಮ್ಮ ಸ್ವಂತ ಕಚೇರಿಯ ಇಂತಹ ನಕ್ಷೆ ಇಲ್ಲದಿದ್ದಲ್ಲಿ ಅದನ್ನು ಸಿದ್ಧಪಡಿಸುವುದೇ ಮೊದಲ ಕೆಲಸ. ನಕ್ಷೆಯಿಲ್ಲದೆ ದೋಷ ಹುಡುಕುವುದು ಸರ್ವೆ ನಂಬರು ತಿಳಿಯದೆ ಜಮೀನು ಅಳೆಯಲು ಹೊರಟಂತೆ.

ಒಂದು ಗಣಕಯಂತ್ರವು ಪ್ಯಾಕೆಟ್ ಕಳುಹಿಸುವ ಮುನ್ನ ಒಂದೇ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುತ್ತದೆ: ತಲುಪಬೇಕಾದ ವಿಳಾಸ ನನ್ನ ಜಾಲದಲ್ಲಿಯೇ ಇದೆಯೇ, ಹೊರಗಿದೆಯೇ? ಉತ್ತರವನ್ನು ಅದು ಸಬ್‌ನೆಟ್ ಮಾಸ್ಕಿನಿಂದ ಕಂಡುಕೊಳ್ಳುತ್ತದೆ. ನಮ್ಮ ಕಚೇರಿಯ ಟಪಾಲು ವ್ಯವಸ್ಥೆಯೂ ಹೀಗೆಯೇ ಇದೆ. ಪಕ್ಕದ ಶಾಖೆಗೆ ಹೋಗಬೇಕಾದ ಕಡತವನ್ನು ದಲಾಯತರ ಕೈಯಲ್ಲಿ ನೇರವಾಗಿ ಕಳುಹಿಸುತ್ತೇವೆ. ಬೇರೆ ಊರಿನ ಕಚೇರಿಗೆ ಹೋಗಬೇಕಾದ ಪತ್ರವನ್ನು ಜಾವಕ ಶಾಖೆಗೆ ಕೊಡುತ್ತೇವೆ. ಗಣಕಯಂತ್ರದ ಪಾಲಿಗೆ ಜಾವಕ ಶಾಖೆಯೆಂದರೆ ಗೇಟ್‌ವೇ, ಎಂದರೆ ತನ್ನ ಜಾಲದ ರೂಟರು. ಒಳಜಾಲದಲ್ಲಿ ಕೊಡಬೇಕಾದ ಪ್ಯಾಕೆಟ್ಟಿಗೆ ಅದು ‘ಈ ವಿಳಾಸದವರು ಯಾರು?’ ಎಂದು ಪಡಸಾಲೆಯಲ್ಲಿ ನಿಂತು ಕೂಗುತ್ತದೆ. ಈ ಕೂಗಿಗೆ ಎಆರ್‌ಪಿ ಎಂದು ಹೆಸರು. ಕೂಗು ಆ ಕಟ್ಟಡದ ಹೊರಗೆ ಕೇಳಿಸುವುದಿಲ್ಲ, ಎಂದರೆ ರೂಟರನ್ನು ದಾಟುವುದಿಲ್ಲ.

ಇಲ್ಲಿ ನಿರ್ವಾಹಕರು ಮನಸ್ಸಿನಲ್ಲಿಡಬೇಕಾದ ಅಂಶವೆಂದರೆ, ಆವಕ ಮತ್ತು ಜಾವಕ ಎರಡು ಬೇರೆ ಬೇರೆ ಕೆಲಸಗಳು. ತಾಲ್ಲೂಕಿನಿಂದ ಹೊರಟ ಪ್ಯಾಕೆಟ್ ಸರ್ವರನ್ನು ತಲುಪಿತೆಂದ ಮಾತ್ರಕ್ಕೆ ಅದರ ಉತ್ತರವೂ ಅದೇ ದಾರಿಯಲ್ಲಿ ಹಿಂದಿರುಗುತ್ತದೆಯೆಂದು ಭಾವಿಸತಕ್ಕದ್ದಲ್ಲ. ಸರ್ವರು ಬಂದ ದಾರಿಯನ್ನು ನೆನಪಿಟ್ಟುಕೊಳ್ಳುವುದಿಲ್ಲ. ಉತ್ತರ ಕಳುಹಿಸುವಾಗ ತನ್ನ ಸ್ವಂತ ಮಾಸ್ಕನ್ನೂ ತನ್ನ ಸ್ವಂತ ಗೇಟ್‌ವೇಯನ್ನೂ ನೋಡಿ ಹೊಸದಾಗಿ ದಾರಿ ನಿರ್ಧರಿಸುತ್ತದೆ. ನಡುವಣ ಪ್ರತಿ ರೂಟರೂ ಹಾಗೆಯೇ. ಹೋಗುವ ದಾರಿ ಸರಿಯಿದ್ದು ಬರುವ ದಾರಿ ತಪ್ಪಿದ್ದರೆ ತಾಲ್ಲೂಕಿನಲ್ಲಿ ಕುಳಿತವರಿಗೆ ಕಾಣುವುದು ಮೌನ ಮಾತ್ರ. ಲೈನು ಕಡಿದಾಗಲೂ ಕಾಣುವುದು ಅದೇ ಮೌನ. ಎರಡನ್ನೂ ಬೇರ್ಪಡಿಸುವುದೇ ಈ ಪಾಠದ ತಿರುಳು.

ತಾಲ್ಲೂಕಿನ ತುದಿಯಿಂದ ಪರೀಕ್ಷೆ

ತಂತಿ ಸಿಕ್ಕಿಸಿದೆಯೇ, ಸ್ವಿಚ್ಚಿನ ದೀಪ ಉರಿಯುತ್ತಿದೆಯೇ ಎಂಬುದನ್ನು ನೋಡಿಕೊಂಡ ನಂತರ ‘ಐಪಿಕಾನ್ಫಿಗ್’ ಆದೇಶದಿಂದ ಗಣಕಯಂತ್ರದ ವಿಳಾಸ, ಮಾಸ್ಕ್, ಗೇಟ್‌ವೇ ಮೂರನ್ನೂ ಓದಿ ಬರೆದುಕೊಳ್ಳತಕ್ಕದ್ದು. ವಿಳಾಸವು 169.254 ಎಂದು ಆರಂಭವಾಗಿದ್ದರೆ ಆ ಯಂತ್ರಕ್ಕೆ ವಿಳಾಸ ಹಂಚುವ ವ್ಯವಸ್ಥೆ ದೊರೆತಿಲ್ಲ, ತಾನೇ ಒಂದು ವಿಳಾಸವನ್ನು ಇಟ್ಟುಕೊಂಡಿದೆ ಎಂದರ್ಥ; ಅಂತಹ ಯಂತ್ರದಿಂದ ಮುಂದಿನ ಯಾವ ಪರೀಕ್ಷೆಯೂ ಪ್ರಯೋಜನಕ್ಕೆ ಬಾರದು.

ಅನಂತರ ಪಿಂಗ್. ಮೈಕ್ ಮೂಸ್ ಎಂಬ ಅಮೆರಿಕದ ತಂತ್ರಜ್ಞ 1983ರ ಡಿಸೆಂಬರಿನಲ್ಲಿ ಬರೆದ ಈ ಪುಟ್ಟ ತಂತ್ರಾಂಶಕ್ಕೆ, ಜಲಾಂತರ್ಗಾಮಿಗಳು ಸಮುದ್ರದೊಳಗೆ ಕಳುಹಿಸಿ ಪ್ರತಿಧ್ವನಿ ಆಲಿಸುವ ಸದ್ದಿನ ಹೆಸರನ್ನೇ ಇಡಲಾಯಿತು. ಹೆಸರಿನಲ್ಲಿಯೇ ಅದರ ಸ್ವಭಾವವಿದೆ: ಧ್ವನಿ ಹೋಗಬೇಕು, ಪ್ರತಿಧ್ವನಿ ಬರಬೇಕು. ಆದುದರಿಂದ ಪಿಂಗ್ ಯಶಸ್ವಿಯಾದರೆ ಎರಡೂ ದಾರಿಗಳು ಸರಿಯಿವೆ. ವಿಫಲವಾದರೆ ಯಾವ ದಾರಿ ಕೆಟ್ಟಿದೆಯೆಂಬುದನ್ನು ಅದೊಂದೇ ಹೇಳಲಾರದು.

ಪಿಂಗನ್ನು ಹತ್ತಿರದಿಂದ ದೂರಕ್ಕೆ ಹಂತಹಂತವಾಗಿ ನಡೆಸತಕ್ಕದ್ದು. ಮೊದಲು ತನ್ನ ರೂಟರಾದ 10.40.6.1. ಇಲ್ಲಿಯೇ ಉತ್ತರವಿಲ್ಲದಿದ್ದರೆ ದೋಷ ತಾಲ್ಲೂಕು ಕಚೇರಿಯ ಒಳಗೇ ಇದೆ. ಲೈನಿನವರನ್ನು ಕರೆಯುವ ಅಗತ್ಯವಿಲ್ಲ. ಬಳಿಕ ಲೈನಿನ ಆಚೆ ತುದಿಯಾದ 10.40.255.21. ಬಳಿಕ ಜಿಲ್ಲಾ ರೂಟರಿನ ಒಳಮುಖವಾದ 10.40.1.1. ಕೊನೆಗೆ ಸರ್ವರ್. ಬಹುತೇಕ ಸಿಬ್ಬಂದಿ ನೇರವಾಗಿ ಸರ್ವರನ್ನೇ ಪಿಂಗ್ ಮಾಡಿ, ಉತ್ತರ ಬಾರದಿದ್ದಾಗ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಅದರಿಂದ ತಿಳಿಯುವುದು ಅವರಿಗೆ ಮೊದಲೇ ತಿಳಿದಿದ್ದ ಸಂಗತಿ ಮಾತ್ರ.

ಪಿಂಗ್ ನೀಡುವ ಸಂದೇಶಗಳಲ್ಲಿಯೂ ವ್ಯತ್ಯಾಸವಿದೆ. ‘ರಿಕ್ವೆಸ್ಟ್ ಟೈಮ್ಡ್ ಔಟ್’ ಎಂದರೆ ಕಾದರೂ ಏನೂ ಬರಲಿಲ್ಲ ಎಂದಷ್ಟೇ. ‘ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್’ ಎಂಬುದು ಹಾಗಲ್ಲ. ದಾರಿಯಲ್ಲಿ ಯಾರೋ ಒಬ್ಬರು ‘ಮುಂದಕ್ಕೆ ಕೊಡಲಾಗಲಿಲ್ಲ’ ಎಂದು ಷರಾ ಬರೆದು ಕಳುಹಿಸಿದ್ದಾರೆ. ಷರಾ ಬರೆದವರು ಯಾರೆಂಬುದು ಅದೇ ಸಾಲಿನ ಆರಂಭದಲ್ಲಿರುತ್ತದೆ. ಅಲ್ಲಿ ತನ್ನದೇ ಯಂತ್ರದ ವಿಳಾಸವಿದ್ದರೆ ಪ್ಯಾಕೆಟ್ ಕಚೇರಿಯನ್ನು ಬಿಟ್ಟೇ ಹೋಗಿಲ್ಲ. 10.40.255.21 ಇದ್ದರೆ ಅದು ಜಿಲ್ಲಾ ರೂಟರಿನವರೆಗೆ ಹೋಗಿದೆ, ಆ ರೂಟರಿಗೆ ಸರ್ವರು ಕಾಣಲಿಲ್ಲ. ಸರ್ವರು ಆಫ್ ಆಗಿರಬಹುದು ಅಥವಾ ತಂತಿ ಕಳಚಿರಬಹುದು. ಒಂದು ಎಚ್ಚರಿಕೆ: ವಿಂಡೋಸ್‌ನಲ್ಲಿ ಇಂತಹ ಷರಾವನ್ನೂ ‘ರಿಪ್ಲೈ’ ಎಂದೇ ಎಣಿಸಿ, ಕೊನೆಯ ಸಾಲಿನಲ್ಲಿ ನಷ್ಟ 0 ಪ್ರತಿಶತ ಎಂದು ತೋರಿಸಲಾಗುತ್ತದೆ. ಕೊನೆಯ ಸಾಲನ್ನು ಮಾತ್ರ ಓದಿ ‘ಪಿಂಗ್ ಬರುತ್ತಿದೆ’ ಎಂದು ವರದಿ ಮಾಡಿದವರು ಅನೇಕರಿದ್ದಾರೆ.

ಮೇಲೆ ಹೇಳಿದ ಪ್ರಸಂಗದಲ್ಲಿ 10.40.6.1, 10.40.255.21 ಮತ್ತು 10.40.1.1 ಮೂರೂ ಉತ್ತರಿಸುತ್ತಿದ್ದವು. ಸರ್ವರಿಂದ ಮಾತ್ರ ‘ಟೈಮ್ಡ್ ಔಟ್’. ಜಿಲ್ಲಾ ಕಚೇರಿಯೊಳಗಿನವರಿಗೆ ಅದೇ ಸರ್ವರು ಯಾವ ತೊಂದರೆಯೂ ಇಲ್ಲದೆ ದೊರೆಯುತ್ತಿತ್ತು. ‘ನಮಗೆ ಬರುತ್ತಿದೆ, ಸರ್ವರ್ ಸರಿಯಿದೆ, ನಿಮ್ಮ ಲೈನ್ ನೋಡಿಸಿ’ ಎಂದು ಜಿಲ್ಲಾ ಕಚೇರಿಯಿಂದ ಉತ್ತರ ಹೋಯಿತು. ಲೈನಿನವರು ಬಂದು ಪರೀಕ್ಷಿಸಿ ‘ಲೈನ್ ಸರಿಯಿದೆ’ ಎಂದು ಬರೆದುಕೊಟ್ಟರು. ಇಬ್ಬರೂ ಸುಳ್ಳು ಹೇಳಿರಲಿಲ್ಲ.

ಆಗ ಮಾಡಬೇಕಾಗಿದ್ದ ಪರೀಕ್ಷೆ ಒಂದೇ: ತಾಲ್ಲೂಕಿನಿಂದ ಜಿಲ್ಲಾ ಕಚೇರಿಯ ಬೇರೊಂದು ಗಣಕಯಂತ್ರವನ್ನು ಅಥವಾ ಮುದ್ರಣ ಯಂತ್ರವನ್ನು ಪಿಂಗ್ ಮಾಡಿ ನೋಡುವುದು. ಒಂಬತ್ತನೆಯ ದಿನ ಅದನ್ನು ಮಾಡಿದಾಗ ಸರ್ವರಿನ ಪಕ್ಕದಲ್ಲಿಯೇ ಇದ್ದ 10.40.1.35 ತಕ್ಷಣ ಉತ್ತರಿಸಿತು. ಅಲ್ಲಿಗೆ ಲೈನು, ಎರಡೂ ರೂಟರುಗಳು, ಜಿಲ್ಲಾ ಕಚೇರಿಯ ಸ್ವಿಚ್ಚು ಇಷ್ಟೂ ಒಂದೇ ಏಟಿಗೆ ಸಂಶಯದಿಂದ ಮುಕ್ತವಾದವು. ಒಂದೇ ಜಾಲದ ಒಂದು ಯಂತ್ರ ಉತ್ತರಿಸುತ್ತದೆ, ಇನ್ನೊಂದು ಉತ್ತರಿಸುವುದಿಲ್ಲ ಎಂದಾದರೆ ಎರಡಕ್ಕೂ ಸಮಾನವಾದ ದಾರಿಯಲ್ಲಿ ದೋಷವಿರುವ ಸಂಭವ ತೀರ ಕಡಿಮೆ. ಮೊದಲು ನೋಡಬೇಕಾದದ್ದು ಉತ್ತರಿಸದ ಯಂತ್ರವನ್ನು.

ಸರ್ವರಿನ ತುದಿಯಿಂದ ಪರೀಕ್ಷೆ

ಬಳಿಕ ಸರ್ವರಿನ ಮುಂದೆ ಕುಳಿತು ತಾಲ್ಲೂಕಿನ 10.40.6.21ರ ಕಡೆಗೆ ಟ್ರೇಸ್‌ರೂಟ್ ನಡೆಸಲಾಯಿತು. ಈ ಆದೇಶವು ಪ್ಯಾಕೆಟ್ ದಾಟುವ ರೂಟರುಗಳನ್ನು ಸಾಲುಸಾಲಾಗಿ ಬರೆದು ತೋರಿಸುತ್ತದೆ. ಮೊದಲ ಸಾಲಿನಲ್ಲಿ 10.40.1.1 ಇರಬೇಕಿತ್ತು. ಬದಲಿಗೆ 192.168.1.1 ಎಂದಿತ್ತು. ಅದು ಯಾವ ನಕ್ಷೆಯಲ್ಲಿಯೂ ಇಲ್ಲದ ವಿಳಾಸ.

ವಿಚಾರಿಸಲಾಗಿ, ಎರಡನೇ ಶನಿವಾರದ ರಜೆಯಂದು ವೈರಸ್ ನಿರೋಧಕ ತಂತ್ರಾಂಶವನ್ನು ನವೀಕರಿಸಲೆಂದು ಬಂದವರು ಸರ್ವರಿನ ಖಾಲಿಯಿದ್ದ ಎರಡನೆಯ ನೆಟ್‌ವರ್ಕ್ ಕಾರ್ಡಿಗೆ ಬ್ರಾಡ್‌ಬ್ಯಾಂಡ್ ಮೋಡೆಮಿನ ತಂತಿಯನ್ನು ಸಿಕ್ಕಿಸಿ, ಕೆಲಸ ಮುಗಿದ ಮೇಲೆ ಅದನ್ನು ಹಾಗೆಯೇ ಬಿಟ್ಟು ಹೋಗಿದ್ದರು. ಮೋಡೆಮು ಆ ಕಾರ್ಡಿಗೆ ತಾನೇ ವಿಳಾಸವನ್ನೂ ಗೇಟ್‌ವೇಯನ್ನೂ ಕೊಟ್ಟಿತು. ಹೀಗಾಗಿ ಸರ್ವರಿಗೆ ಎರಡು ಜಾವಕ ಶಾಖೆಗಳಾದವು. ಎರಡಿದ್ದಾಗ ವಿಂಡೋಸ್ ಪ್ರತಿ ದಾರಿಗೂ ಮೆಟ್ರಿಕ್ ಎಂಬ ಒಂದು ಅಂಕಿಯನ್ನು ಇಟ್ಟು, ಅಂಕಿ ಕಡಿಮೆಯಿರುವ ದಾರಿಯನ್ನು ಆರಿಸಿಕೊಳ್ಳುತ್ತದೆ; ಈ ಅಂಕಿಯನ್ನು ನಾವೇ ನಿಗದಿಪಡಿಸದಿದ್ದರೆ ಕಾರ್ಡಿನ ವೇಗವನ್ನು ನೋಡಿ ಅದು ನಿರ್ಧರಿಸುತ್ತದೆ, ವೇಗ ಹೆಚ್ಚಿದ್ದಷ್ಟೂ ಅಂಕಿ ಕಡಿಮೆ. ಕಚೇರಿಯ ಸ್ವಿಚ್ಚು 100 ಎಂಬಿಪಿಎಸ್‌ನ ಹಳೆಯದು, ಮೋಡೆಮು 1000 ಎಂಬಿಪಿಎಸ್‌ನ ಹೊಸದು. ಸರ್ವರು ಹೊಸದನ್ನೇ ನಂಬಿತು. ತಾಲ್ಲೂಕಿಗೆ ಹೋಗಬೇಕಾದ ಉತ್ತರಗಳೆಲ್ಲ ಬ್ರಾಡ್‌ಬ್ಯಾಂಡಿನ ದಾರಿ ಹಿಡಿದವು. 10 ಎಂದು ಆರಂಭವಾಗುವ ವಿಳಾಸಗಳು ಖಾಸಗಿ ಜಾಲಗಳಿಗೆ ಮೀಸಲಾದವು. ಸಾರ್ವಜನಿಕ ಅಂತರ್ಜಾಲದಲ್ಲಿ ಅವುಗಳಿಗೆ ದಾರಿಯಿಲ್ಲವಾದ್ದರಿಂದ ಉತ್ತರಗಳು ಅಲ್ಲಿಯೇ ಕಳೆದುಹೋದವು. ಜಿಲ್ಲಾ ಕಚೇರಿಯೊಳಗಿನ ಯಂತ್ರಗಳಿಗೆ ಉತ್ತರಿಸಲು ಗೇಟ್‌ವೇ ಬೇಕಿಲ್ಲದಿದ್ದುದರಿಂದ ಅವರಿಗೆ ಏನೂ ತಿಳಿಯಲಿಲ್ಲ. ಸೋಮವಾರ ಬಂದು ನೋಡಿದವರಿಗೆ ಸರ್ವರಿನಲ್ಲಿ ಇಂಟರ್‌ನೆಟ್ ಕೂಡ ಬರುತ್ತಿದ್ದುದು ಸಂತೋಷವನ್ನೇ ಉಂಟುಮಾಡಿತ್ತು.

ತಂತಿಯನ್ನು ಕಳಚಿದ ಕೂಡಲೇ ತಾಲ್ಲೂಕಿಗೆ ಸರ್ವರು ದೊರೆಯಿತು. ಒಂದು ವೇಳೆ ಎರಡನೆಯ ಜಾಲ ನಿಜವಾಗಿಯೂ ಅವಶ್ಯವಿದ್ದಲ್ಲಿ, ಗೇಟ್‌ವೇಯನ್ನು ಒಂದೇ ಕಾರ್ಡಿನಲ್ಲಿ ಇಟ್ಟು, ಇನ್ನೊಂದರ ಮೂಲಕ ತಲುಪಬೇಕಾದ ಜಾಲಗಳಿಗೆ ಪ್ರತ್ಯೇಕ ಮಾರ್ಗವನ್ನು ‘ರೂಟ್ ಆ್ಯಡ್’ ಆದೇಶದಿಂದ ಸೇರಿಸಬಹುದು: ಇಲ್ಲಿನ ಉದಾಹರಣೆಯಲ್ಲಿ 10.40.0.0, ಮಾಸ್ಕ್ 255.255.0.0, ಗೇಟ್‌ವೇ 10.40.1.1. ವಿಂಡೋಸ್‌ನಲ್ಲಿ ಇದನ್ನು ಶಾಶ್ವತ ಮಾರ್ಗವೆಂದು ಗುರುತು ಮಾಡಿ ಸೇರಿಸದಿದ್ದರೆ ಮರುದಿನ ಸರ್ವರ್ ಪುನರಾರಂಭವಾದಾಗ ಅದು ಅಳಿಸಿಹೋಗುತ್ತದೆ. ಆದರೆ ಒಂದು ಕಾಲನ್ನು ಕಚೇರಿ ಜಾಲದಲ್ಲಿಯೂ ಇನ್ನೊಂದು ಕಾಲನ್ನು ಸಾಮಾನ್ಯ ಬ್ರಾಡ್‌ಬ್ಯಾಂಡಿನಲ್ಲಿಯೂ ಇಟ್ಟುಕೊಂಡ ಸರ್ವರು ಸಂಪರ್ಕದ ದೃಷ್ಟಿಯಿಂದ ಮಾತ್ರವಲ್ಲ, ಸುರಕ್ಷತೆಯ ದೃಷ್ಟಿಯಿಂದಲೂ ಅಪಾಯಕಾರಿ. ಇದಕ್ಕೆ ಅವಕಾಶ ಕೊಡದಿರುವುದೇ ಲೇಸು.

ಮಾಸ್ಕಿನ ತಪ್ಪು

ಇದೇ ಲಕ್ಷಣಗಳನ್ನು ತೋರುವ ಇನ್ನೊಂದು ದೋಷವಿದೆ, ಅದು ಇನ್ನಷ್ಟು ಕಪಟವಾದುದು. ಸರ್ವರಿನಲ್ಲಿ ಮಾಸ್ಕನ್ನು 255.255.255.0 ಎಂದು ಬರೆಯುವ ಬದಲು 255.255.0.0 ಎಂದು ಬರೆದರೆಂದು ಭಾವಿಸೋಣ. ಆಗ ಸರ್ವರಿಗೆ 10.40 ಎಂದು ಆರಂಭವಾಗುವ ಎಲ್ಲ ವಿಳಾಸಗಳೂ ತನ್ನ ಕಟ್ಟಡದಲ್ಲಿಯೇ ಇವೆಯೆಂದು ತೋರುತ್ತದೆ. ತಾಲ್ಲೂಕಿನ 10.40.6.21ಕ್ಕೆ ಉತ್ತರಿಸಬೇಕಾದಾಗ ಅದು ಜಾವಕ ಶಾಖೆಗೆ ಹೋಗುವುದಿಲ್ಲ. ಪಡಸಾಲೆಯಲ್ಲಿ ನಿಂತು ಹೆಸರು ಕೂಗುತ್ತದೆ. ಐವತ್ತು ಕಿಲೋಮೀಟರ್ ದೂರದ ಊರಿನಲ್ಲಿರುವವರು ಹೇಗೆ ಓಗೊಡುವರು? ಗೇಟ್‌ವೇ ಸರಿಯಾಗಿಯೇ ಇದೆ, ಆದರೆ ಅದನ್ನು ಕೇಳುವವರೇ ಇಲ್ಲ. ಪರೀಕ್ಷಿಸುವವರು ಗೇಟ್‌ವೇಯ ಸಾಲನ್ನು ಮಾತ್ರ ನೋಡಿ ‘ಸರಿಯಿದೆ’ ಎಂದು ಮುಂದೆ ಹೋಗಿಬಿಡುತ್ತಾರೆ.

ಕಪಟವೆಂದು ಕರೆಯಲು ಕಾರಣ ಬೇರೆಯೇ ಇದೆ. ಕೆಲವು ರೂಟರುಗಳಲ್ಲಿ ಪ್ರಾಕ್ಸಿ ಎಆರ್‌ಪಿ ಎಂಬ ಸೌಲಭ್ಯವಿರುತ್ತದೆ. ಸಿಸ್ಕೋ ಐಓಎಸ್ ರೂಟರುಗಳಲ್ಲಿ ಅದು ಮೊದಲಿನಿಂದಲೇ ಚಾಲನೆಯಲ್ಲಿರುತ್ತದೆ. ಬೇರೆ ಜಾಲದವರ ಹೆಸರನ್ನು ಯಾರಾದರೂ ಪಡಸಾಲೆಯಲ್ಲಿ ಕೂಗಿದರೆ, ಅವರಿಗೆ ಹೋಗುವ ದಾರಿ ತನಗೆ ತಿಳಿದಿದ್ದಲ್ಲಿ, ರೂಟರೇ ‘ಇಲ್ಲಿದ್ದೇನೆ, ನನಗೆ ಕೊಡಿ’ ಎಂದು ಓಗೊಟ್ಟು ಪತ್ರವನ್ನು ಪಡೆದು ಮುಂದೆ ಕಳುಹಿಸುತ್ತದೆ. ಒಳ್ಳೆಯ ಜಾವಕ ಗುಮಾಸ್ತರು ಮಾಡುವ ಉಪಕಾರವೇ ಇದು. ಇದರಿಂದ ಸರ್ವರಿನಲ್ಲಿನ ತಪ್ಪು ಮಾಸ್ಕ್ ವರ್ಷಗಟ್ಟಲೆ ಯಾರಿಗೂ ತಿಳಿಯದೆ ಉಳಿದಿರಬಹುದು. ಒಂದು ದಿನ ಹಳೆಯ ರೂಟರ್ ಕೆಟ್ಟು ಬೇರೆ ತಯಾರಿಕೆಯ ರೂಟರನ್ನು ಕೂರಿಸಿದಾಗ, ಆ ಉಪಕಾರ ನಿಂತು, ಎಲ್ಲ ತಾಲ್ಲೂಕುಗಳ ಸಂಪರ್ಕವೂ ಒಮ್ಮೆಲೇ ತಪ್ಪುತ್ತದೆ. ಆಪಾದನೆ ಹೊಸ ರೂಟರಿನ ಮೇಲೆ ಬರುತ್ತದೆ. ‘ಬದಲಾಯಿಸಿದ್ದು ಯಾವುದೋ ಕೆಟ್ಟಿದ್ದು ಅದೇ’ ಎಂಬ ನಮ್ಮೆಲ್ಲರ ತರ್ಕ ಇಲ್ಲಿ ಕೈಕೊಡುತ್ತದೆ. ಇಂತಹ ಸಂದರ್ಭದಲ್ಲಿ ಸರ್ವರಿನಲ್ಲಿ ‘ಎಆರ್‌ಪಿ’ ಪಟ್ಟಿಯನ್ನು ತೆರೆದು ನೋಡಿದರೆ, ಅಲ್ಲಿ ಇರಬಾರದ ತಾಲ್ಲೂಕಿನ ವಿಳಾಸಗಳು ಕಾಣಿಸುತ್ತವೆ. ಅಷ್ಟೇ ಸಾಕ್ಷ್ಯ ಸಾಕು.

ಟ್ರೇಸ್‌ರೂಟ್ ಓದುವ ಬಗೆ

ಟ್ರೇಸ್‌ರೂಟ್‌ನ ಫಲಿತಾಂಶದಲ್ಲಿ ಕೆಲವು ಸಾಲುಗಳ ಮುಂದೆ ನಕ್ಷತ್ರ ಚಿಹ್ನೆಗಳು ಬರುವುದುಂಟು. ನಡುವೆ ಒಂದೆರಡು ಸಾಲು ನಕ್ಷತ್ರಗಳಿದ್ದು ಮುಂದಿನ ಸಾಲುಗಳಲ್ಲಿ ವಿಳಾಸಗಳು ಬಂದಿದ್ದರೆ ಚಿಂತಿಸಬೇಕಾಗಿಲ್ಲ. ಆ ರೂಟರು ಪ್ಯಾಕೆಟ್ಟನ್ನು ಸಾಗಿಸಿದೆ, ತನ್ನ ಹೆಸರನ್ನು ಹೇಳಿಲ್ಲ, ಅಷ್ಟೇ. ಒಂದು ಸಾಲಿನಿಂದ ಆರಂಭಿಸಿ ಕೊನೆಯವರೆಗೂ ನಕ್ಷತ್ರಗಳೇ ಇದ್ದರೆ ಮಾತ್ರ, ಕೊನೆಯದಾಗಿ ಕಂಡ ವಿಳಾಸದ ಆಚೆಗೆ ಗಮನ ಕೊಡತಕ್ಕದ್ದು. ಇಲ್ಲಿಯೂ ‘ಆಚೆಗೆ’ ಎಂದರೆ ಹೋಗುವ ದಾರಿ ಮಾತ್ರವಲ್ಲ, ಅಲ್ಲಿಂದ ಹಿಂದಿರುಗುವ ದಾರಿಯೂ ಸೇರುತ್ತದೆ. ಈ ಕಾರಣದಿಂದಲೇ ಟ್ರೇಸ್‌ರೂಟನ್ನು ಎರಡೂ ತುದಿಗಳಿಂದ ನಡೆಸಿ, ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಓದಬೇಕು.

ಹಿಂದಿರುಗುವ ದಾರಿಯ ಬಗ್ಗೆ ಪಿಂಗ್‌ನಲ್ಲಿಯೇ ಒಂದು ಸಣ್ಣ ಸುಳಿವು ಇರುತ್ತದೆ. ಉತ್ತರದ ಸಾಲಿನ ಕೊನೆಯಲ್ಲಿ ಟಿಟಿಎಲ್ ಎಂಬ ಅಂಕಿಯಿದೆ. ವಿಂಡೋಸ್ ಯಂತ್ರಗಳು ಸಾಮಾನ್ಯವಾಗಿ 128ರಿಂದಲೂ ಲಿನಕ್ಸ್ ಯಂತ್ರಗಳು 64ರಿಂದಲೂ ಆರಂಭಿಸುತ್ತವೆ. ಪ್ರತಿ ರೂಟರು ಒಂದನ್ನು ಕಳೆಯುತ್ತದೆ. ನಮ್ಮ ನಕ್ಷೆಯಲ್ಲಿ ವಿಂಡೋಸ್ ಸರ್ವರಿನ ಉತ್ತರ 126 ಎಂದು ಬರಬೇಕು. ಬೇರೆ ಅಂಕಿ ಬಂದರೆ ಉತ್ತರವು ನಾವೆಣಿಸಿದ ದಾರಿಯಲ್ಲಿ ಬಂದಿಲ್ಲ, ಅಥವಾ ಉತ್ತರಿಸಿದ್ದು ನಾವೆಣಿಸಿದ ಯಂತ್ರವೇ ಅಲ್ಲ.

ರೂಟರಿನಲ್ಲಿ ಮರೆತುಹೋದ ಮಾರ್ಗ

ತಾಲ್ಲೂಕು ಕಚೇರಿಯು ಹೊಸ ಕೊಠಡಿಗಳಿಗೆ ವಿಸ್ತರಣೆಗೊಂಡು 10.40.7.0 ಎಂಬ ಇನ್ನೊಂದು ಜಾಲವನ್ನು ಸೇರಿಸಿಕೊಂಡಿತೆಂದಿಟ್ಟುಕೊಳ್ಳೋಣ. ತಾಲ್ಲೂಕಿನ ರೂಟರಿಗೆ ಅದು ತಿಳಿದಿರುತ್ತದೆ. ಜಿಲ್ಲಾ ರೂಟರಿನಲ್ಲಿ ‘10.40.7.0 ಬೇಕಾದರೆ 10.40.255.22ಕ್ಕೆ ಕೊಡು’ ಎಂಬ ಸಾಲನ್ನು ಯಾರೂ ಸೇರಿಸಿರುವುದಿಲ್ಲ. ಹಳೆಯ ಕೊಠಡಿಯ ಯಂತ್ರಗಳಿಗೆ ಎಲ್ಲವೂ ದೊರೆಯುತ್ತದೆ, ಹೊಸ ಕೊಠಡಿಯವರಿಗೆ ಲೈನಿನ ಆಚೆ ತುದಿಯೂ ಉತ್ತರಿಸುವುದಿಲ್ಲ.

ಆಗ ಲೈನಿನವರು ತಾಲ್ಲೂಕಿನ ರೂಟರಿನೊಳಗಿಂದಲೇ ಪಿಂಗ್ ಮಾಡಿ ‘ನೋಡಿ, ಬರುತ್ತಿದೆ’ ಎನ್ನುತ್ತಾರೆ. ರೂಟರು ತಾನೇ ಪಿಂಗ್ ಮಾಡಿದಾಗ ಹೊರಮುಖದ ವಿಳಾಸವಾದ 10.40.255.22ನ್ನು ಕಳುಹಿಸಿದವರ ವಿಳಾಸವೆಂದು ಬರೆಯುತ್ತದೆ. ಆ ವಿಳಾಸ ಜಿಲ್ಲಾ ರೂಟರಿಗೆ ನೇರವಾಗಿ ಪರಿಚಿತ. ಆದುದರಿಂದ ಈ ಪರೀಕ್ಷೆಯಿಂದ ಹೊಸ ಕೊಠಡಿಯ ಬಗ್ಗೆ ಏನೂ ಸಾಬೀತಾಗುವುದಿಲ್ಲ. ಒಳಮುಖದ ವಿಳಾಸವನ್ನು ಮೂಲವೆಂದು ಸೂಚಿಸಿ ಪಿಂಗ್ ಮಾಡುವಂತೆ ಅವರನ್ನು ಕೋರತಕ್ಕದ್ದು. ರೂಟರುಗಳಲ್ಲಿ ಆ ಸೌಲಭ್ಯ ಸಾಮಾನ್ಯವಾಗಿ ಇರುತ್ತದೆ. ವಿನಯದಿಂದ, ಆದರೆ ಬಿಡದೆ ಕೋರುವುದು ಅಗತ್ಯ.

ಪಿಂಗ್ ಬರುತ್ತದೆ, ಕೆಲಸ ನಡೆಯುವುದಿಲ್ಲ

ದಾರಿ ಸರಿಯಿದ್ದೂ ಬಾಗಿಲು ಮುಚ್ಚಿರಬಹುದು. ಸರ್ವರಿನ ಪ್ರತಿ ಸೇವೆಗೂ ಪೋರ್ಟ್ ಎಂಬ ಸಂಖ್ಯೆಯಿದೆ: ಜಾಲಪುಟಗಳಿಗೆ 80 ಮತ್ತು 443, ಕಡತ ಹಂಚಿಕೆಗೆ 445, ಎಸ್‌ಕ್ಯುಎಲ್ ಸರ್ವರ್ ದತ್ತಸಂಚಯಕ್ಕೆ ಸಾಮಾನ್ಯವಾಗಿ 1433. ಪವರ್‌ಶೆಲ್‌ನ ‘ಟೆಸ್ಟ್ ನೆಟ್‌ಕನೆಕ್ಷನ್’ ಆದೇಶದಲ್ಲಿ ಪೋರ್ಟ್ ಸಂಖ್ಯೆಯನ್ನು ಕೊಟ್ಟು ಆ ಒಂದು ಬಾಗಿಲನ್ನು ಮಾತ್ರ ತಟ್ಟಿ ನೋಡಬಹುದು. ಇದಕ್ಕೆ ವಿರುದ್ಧವಾದ ಸ್ಥಿತಿಯೂ ಉಂಟು: ಫೈರ್‌ವಾಲ್ ಪಿಂಗನ್ನು ತಡೆದು ಸೇವೆಯನ್ನು ಬಿಟ್ಟಿರಬಹುದು. ಪಿಂಗ್ ಬರಲಿಲ್ಲವೆಂದ ಮಾತ್ರಕ್ಕೆ ಸರ್ವರ್ ಇಲ್ಲವೆಂದು ನಿರ್ಣಯಿಸತಕ್ಕದ್ದಲ್ಲ.

ವಿಂಡೋಸ್ ಫೈರ್‌ವಾಲಿನ ಒಂದು ಗುಣವನ್ನು ವಿಶೇಷವಾಗಿ ತಿಳಿದಿರಬೇಕು. ಕಡತ ಹಂಚಿಕೆ ಮತ್ತು ಪಿಂಗ್‌ಗೆ ಸಂಬಂಧಿಸಿದ ನಿಯಮಗಳು ಖಾಸಗಿ ಹಾಗೂ ಸಾರ್ವಜನಿಕ ಜಾಲದ ವರ್ಗಗಳಲ್ಲಿ ‘ಲೋಕಲ್ ಸಬ್‌ನೆಟ್’ಗೆ ಮಾತ್ರ ಅನ್ವಯಿಸುವಂತೆ ಬಂದಿರುತ್ತವೆ. ಎಂದರೆ ಅದೇ ಕಟ್ಟಡದವರಿಗೆ ಪ್ರವೇಶ, ರೂಟರು ದಾಟಿ ಬಂದವರಿಗೆ ನಿಷೇಧ. ಲಕ್ಷಣವು ಗೇಟ್‌ವೇ ದೋಷದಂತೆಯೇ ಕಾಣುತ್ತದೆ. ಸರ್ವರಿನಿಂದ ತಾಲ್ಲೂಕಿನ ಕಡೆಗೆ ನಡೆಸಿದ ಟ್ರೇಸ್‌ರೂಟ್ ಸರಿಯಾದ ರೂಟರನ್ನು ತೋರಿಸಿ ಮುಂದುವರಿದರೆ, ದಾರಿ ಸರಿಯಿದೆ. ಆಗ ಫೈರ್‌ವಾಲಿನ ಈ ನಿಯಮಗಳ ‘ಸ್ಕೋಪ್’ ಪುಟವನ್ನು ತೆರೆದು, ತಾಲ್ಲೂಕುಗಳ ಜಾಲಗಳನ್ನು ಮಾತ್ರ ಸೇರಿಸತಕ್ಕದ್ದು. ಫೈರ್‌ವಾಲನ್ನೇ ಪೂರ್ತಿಯಾಗಿ ನಿಲ್ಲಿಸಿ ‘ಈಗ ಬರುತ್ತಿದೆ’ ಎಂದು ಎದ್ದು ಹೋಗುವುದು ದುರಸ್ತಿಯಲ್ಲ. ಬೀಗ ತೆರೆಯದಿದ್ದುದಕ್ಕೆ ಬಾಗಿಲನ್ನೇ ಕಿತ್ತಿಟ್ಟವರಿಗೆ ಯಾರೂ ಬಡಗಿ ಎನ್ನುವುದಿಲ್ಲ.

ಹೆಸರಿನಿಂದ ದೊರೆಯದ ಸರ್ವರು ಸಂಖ್ಯೆಯಿಂದ ದೊರೆತರೆ ದೋಷವಿರುವುದು ಹೆಸರು ಬಿಡಿಸುವ ಡಿಎನ್‌ಎಸ್ ವ್ಯವಸ್ಥೆಯಲ್ಲಿ. ಸರ್ವರಿನ ಹೆಸರು ತಾಲ್ಲೂಕಿನ ‘ನೆಟ್‌ವರ್ಕ್’ ಪಟ್ಟಿಯಲ್ಲಿ ತಾನಾಗಿ ಕಾಣಿಸುತ್ತಿಲ್ಲವೆಂಬುದು ದೂರಿಗೆ ಅರ್ಹವಲ್ಲ. ಆ ಪಟ್ಟಿಯೂ ಬಹುಮಟ್ಟಿಗೆ ಪಡಸಾಲೆಯ ಕೂಗಿನಿಂದಲೇ ತಯಾರಾಗುವಂಥದ್ದು.

ಇನ್ನೊಂದು ವಿಚಿತ್ರ ದೋಷ: ಲಾಗಿನ್ ಪುಟ ತೆರೆಯುತ್ತದೆ, ಹೆಸರು ಮತ್ತು ಗುಪ್ತಪದವನ್ನು ಸ್ವೀಕರಿಸುತ್ತದೆ, ದೊಡ್ಡ ಪಟ್ಟಿ ಅಥವಾ ಸ್ಕ್ಯಾನ್ ಪ್ರತಿ ತೆರೆಯಲು ಹೋದಾಗ ಸ್ತಬ್ಧವಾಗುತ್ತದೆ. ಸಣ್ಣ ಪ್ಯಾಕೆಟ್ಟುಗಳು ದಾಟುತ್ತಿವೆ, ದೊಡ್ಡವು ದಾಟುತ್ತಿಲ್ಲ. ಸಾಮಾನ್ಯ ಜಾಲದಲ್ಲಿ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ 1500 ಬೈಟ್. ನಡುವೆ ವಿಪಿಎನ್ ಸುರಂಗವಿದ್ದರೆ ಅದರ ಹೊದಿಕೆಗೂ ಜಾಗ ಬೇಕಾಗಿ, ಒಳಗೆ ಹಿಡಿಸುವುದು ಕಡಿಮೆಯಾಗುತ್ತದೆ. ಪಿಂಗ್‌ನಲ್ಲಿ ‘ಒಡೆಯಬೇಡ’ ಎಂಬ ಸೂಚನೆಯೊಂದಿಗೆ 1472 ಬೈಟ್‌ಗಳ ಗಾತ್ರ ಕೊಟ್ಟು ನೋಡಬೇಕು. ತಲೆಬರಹದ 28 ಬೈಟ್ ಸೇರಿ ಅದು 1500 ಆಗುತ್ತದೆ. ಅದು ವಿಫಲವಾಗಿ 1372 ಯಶಸ್ವಿಯಾದರೆ ಕಾರಣ ಸಿಕ್ಕಿತು. ಪರಿಹಾರವು ರೂಟರು ನಿರ್ವಹಿಸುವವರ ಕೈಯಲ್ಲಿದೆ. ಈ ಎರಡು ಅಂಕಿಗಳನ್ನು ಅವರಿಗೆ ಬರೆದು ಕಳುಹಿಸಿದರೆ ಅವರು ಮತ್ತೇನನ್ನೂ ಕೇಳಬೇಕಾಗುವುದಿಲ್ಲ.

ದೂರು ದಾಖಲಿಸುವ ಬಗೆ

ಸಂಪರ್ಕ ತಪ್ಪಿದೊಡನೆ ರೂಟರು, ಸ್ವಿಚ್ಚು, ಸರ್ವರು ಎಲ್ಲವನ್ನೂ ಆರಿಸಿ ಮತ್ತೆ ಹಚ್ಚುವ ರೂಢಿ ಎಲ್ಲ ಕಚೇರಿಗಳಲ್ಲಿಯೂ ಇದೆ. ಕೆಲವೊಮ್ಮೆ ಅದರಿಂದ ಸರಿಹೋಗುವುದೂ ಸತ್ಯ. ಆದರೆ ಎಆರ್‌ಪಿ ಪಟ್ಟಿ, ಮಾರ್ಗಗಳ ಪಟ್ಟಿ, ದೋಷದ ಲಾಗ್ ಮುಂತಾದ ಸಾಕ್ಷ್ಯಗಳಲ್ಲಿ ಕೆಲವು ಅದರೊಂದಿಗೆ ಅಳಿಸಿಹೋಗುತ್ತವೆ, ಮತ್ತು ಮುಂದಿನ ವಾರ ಅದೇ ದೋಷ ಮರಳಿದಾಗ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ. ಆದ್ದರಿಂದ ಮೊದಲು ಬರೆದುಕೊಂಡು, ಆನಂತರ ಆರಿಸತಕ್ಕದ್ದು.

ಇನ್ನು ಮುಂದೆ ತಾಲ್ಲೂಕು ಕಚೇರಿಗಳಿಂದ ಕಳುಹಿಸುವ ದೂರಿನಲ್ಲಿ ದೋಷ ಕಂಡ ದಿನ ಮತ್ತು ವೇಳೆ, ಎಷ್ಟು ಯಂತ್ರಗಳಿಗೆ ತೊಂದರೆ ಇದೆ, ಒಂದು ಯಂತ್ರದ ವಿಳಾಸ, ಮಾಸ್ಕ್ ಮತ್ತು ಗೇಟ್‌ವೇ, ಹತ್ತಿರದಿಂದ ದೂರಕ್ಕೆ ನಡೆಸಿದ ನಾಲ್ಕು ಪಿಂಗ್‌ಗಳ ಫಲಿತಾಂಶ, ಜಿಲ್ಲಾ ಕಚೇರಿಯ ಬೇರೊಂದು ಯಂತ್ರವು ಉತ್ತರಿಸಿತೇ ಇಲ್ಲವೇ ಎಂಬುದು, ಮತ್ತು ಆ ವಾರದಲ್ಲಿ ಕಚೇರಿಯಲ್ಲಿ ಯಾವ ಉಪಕರಣವನ್ನು ಯಾರು ಮುಟ್ಟಿದರು ಎಂಬುದನ್ನು ನಮೂದಿಸತಕ್ಕದ್ದು. ದೂರು ಸ್ವೀಕರಿಸಿದ ಜಿಲ್ಲಾ ಕಚೇರಿಯ ನಿರ್ವಾಹಕರು ‘ಇಲ್ಲಿ ಸರಿಯಿದೆ’ ಎಂದು ಉತ್ತರಿಸುವ ಮೊದಲು ಸರ್ವರಿನಿಂದ ಆ ತಾಲ್ಲೂಕಿನ ಕಡೆಗೆ ಟ್ರೇಸ್‌ರೂಟ್ ನಡೆಸಿ, ಅದರ ಮೊದಲ ಸಾಲನ್ನು ದೂರಿನ ಹಾಳೆಯ ಮೇಲೆಯೇ ಬರೆಯತಕ್ಕದ್ದು. ಹೊರಗಿನ ತಂತ್ರಜ್ಞರು ರಜಾ ದಿನಗಳಲ್ಲಿ ಸರ್ವರ್ ಕೊಠಡಿಯನ್ನು ಪ್ರವೇಶಿಸಿದಲ್ಲಿ, ಅವರು ಸಿಕ್ಕಿಸಿದ ಮತ್ತು ಕಳಚಿದ ತಂತಿಗಳ ವಿವರವನ್ನು ಕೊಠಡಿಯ ವಹಿಯಲ್ಲಿ ಅವರಿಂದಲೇ ಬರೆಸಿಕೊಂಡು ಸಹಿ ಪಡೆಯತಕ್ಕದ್ದು. ಆಯಾ ಕಚೇರಿಯ ಜಾಲದ ನಕ್ಷೆಯ ಒಂದು ಪ್ರತಿಯನ್ನು ವಹಿಯ ಮೊದಲ ಪುಟಕ್ಕೆ ಅಂಟಿಸತಕ್ಕದ್ದು.